ಬಾಜೂಮನಿ ಮಾವಶಿಯ ಹಾದಗಾ

ಮೊನ್ನೆ ಸೊಸೆ ಅಳ್ಳಿಟ್ಟಿಗೆಂದು ಕಾಳು ಹುರಿಯುತ್ತಿದ್ದಳು. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ಕೈಯಲ್ಲಿದ್ದ ಜಪಮಾಲೆ ಅಲ್ಲೇ ನಿಂತಿತು. ದೇವರು ಸ್ವಲ್ಪ ಕಾಯಲಿ, ಅವನಿಗೆ ನನ್ನ ಅಭ್ಯಾಸ ಗೊತ್ತು. ಹುರಿದ ಕಾಳಿನ ವಾಸನೆಗೆ ಉಳಿದವರಿಗೆ ಪಂಚಮಿ ಹಬ್ಬ ನೆನಪಾದರೆ ನನಗೆ ಖಾನಾಪುರದ ಬಾಜೂಮನಿ ಮಾವಶಿ ನೆನಪಾಗುತ್ತಾಳೆ...

ನಾನು ಬೆಳಗಾವಿಯಿಂದ ಖಾನಾಪುರಕ್ಕೆ ಸೊಸೆಯಾಗಿ ಹೋದದ್ದು ಹತ್ತೊಂಬತ್ತುನೂರ ಇಪ್ಪತ್ತು ದಾಟಿದ ಹೊಸದರಲ್ಲಿ. ಇನ್ನೂ ಹುಡುಗಾಟದ ವಯಸ್ಸು. ನಮ್ಮತ್ತೆಯ ಮನೆ ಬಿಟ್ಟರೆ ಓಣಿಯಲ್ಲಿ ಹೆಚ್ಚಿನವರ ಮನೆಮಾತು ಮರಾಠಿ. ನನಗೆ ಕೇಳಿದರೆ ತಿಳಿಯುತ್ತಿತ್ತು, ಆಡಲು ಹೋದರೆ ನಾಲಿಗೆ ತಡವರಿಸುತ್ತಿತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡು, ನೀರು ಸೇದುವ ನೆಪದಲ್ಲಿ ಬಾವಿಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದೆ. ಒಂದು ದಿನ ಗೋಡೆಯಾಚೆಯಿಂದ ಕನ್ನಡದಲ್ಲೇ ಒಂದು ದನಿ ಬಂತು.

"ಅಳಾಕತ್ತೀಯೇನ ಪೋರಿ? ಅಳು. ಆದ್ರ ಬಾವಿ ಮ್ಯಾಲ ಕುಂತು ಅಳಬ್ಯಾಡ, ನಾವೂ ಅದ ನೀರು ಕುಡಿಯೂದೈತಿ."

ಅವಳೇ ಪಕ್ಕದ ಮನೆಯ ಮಾವಶಿ. ಚಿಕ್ಕಮ್ಮನಿಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಗಟ್ಟಿ ಮೈಕಟ್ಟು, ಕಚ್ಚೆ ಸೀರೆ, ಮಾತಿಗೆ ಮುಂಚೆ ನಗು. ಅತ್ತು ಕೆಂಪಾಗಿದ್ದ ನನ್ನ ಮೂಗನ್ನು ನೋಡಿ ಆವತ್ತು ಎಷ್ಟು ನಕ್ಕಳೆಂದರೆ, ಸಿಟ್ಟು ಬಂದು ನಾನು ಅಳುವುದನ್ನೇ ಬಿಟ್ಟೆ.

ಆ ನಗುವವಳ ಮನೆಯಲ್ಲಿ ಏನು ನಡೆದುಹೋಗಿತ್ತು ಎಂಬುದು ನನಗೆ ತಿಳಿದದ್ದು ಹಸ್ತ ಮಳೆ ಹತ್ತಿರ ಬಂದಾಗ. ಆ ಮಳೆ ಹುಟ್ಟಿದ ದಿನ ಮಣೆಯ ಮೇಲೆ ಆನೆಯ ಚಿತ್ರ ಬರೆದು ಅಂಗಳದ ನಡುವೆ ಇಡುತ್ತಾರೆ. ಸುತ್ತಲೂ ಹೆಣ್ಣುಮಕ್ಕಳು ಕೈ ಕೈ ಹಿಡಿದು ತಿರುಗುತ್ತ ಹಾಡುತ್ತಾರೆ. ಅದೇ ಹಾದಗಾ. ಮೊದಲ ದಿನ ಒಂದೇ ಹಾಡು, ಮರುದಿನ ಎರಡು. ಹೀಗೆ ಏರುತ್ತ ಹೋಗುತ್ತದೆ. ನಡುವೆ ಹಾಡಿದ್ದನ್ನೇ ಮತ್ತೆ ಹಾಡಿದರೂ ನಡೆದೀತು, ಕಡೆಯ ದಿನ ಮಾತ್ರ ಬೇರೆ ಬೇರೆ ಹದಿನಾರು ಹಾಡು ಆಗಲೇಬೇಕು. ಅರ್ಧಕ್ಕೆ ಮರೆತುಹೋದ ಹಾಡು ಲೆಕ್ಕಕ್ಕಿಲ್ಲ.

ನಾನು ಬರುವ ಕೆಲವು ವರ್ಷ ಮೊದಲು, ಊರೂರಿಗೆ ದೊಡ್ಡ ಜ್ವರ ಬಂದ ವರ್ಷ, ಓಣಿಯ ಹಾದಗಾ ನಡುವೆಯೇ ನಿಂತಿತ್ತು. ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಮಲಗಿದರು. ಕೆಲವರು ಏಳಲೇ ಇಲ್ಲ. ಮಾವಶಿಯ ಒಬ್ಬಳೇ ಮಗಳೂ ಏಳಲಿಲ್ಲ. ಆಮೇಲೆ ಆನೆ ಬರೆಯಲು ಯಾರಿಗೂ ಧೈರ್ಯವಾಗಲಿಲ್ಲ.

ನಾನು ಬಂದ ವರ್ಷ ಮಾವಶಿ ಹಟ ಹಿಡಿದಳು. "ಅರ್ಧಕ್ಕ ನಿಂತದ್ದು ಪೂರಾ ಆಗಬೇಕು. ನನ್ನ ಕಣ್ಣ ಮುಂದ ಆಗಬೇಕು" ಎಂದಳು. ಓಣಿಗೆಲ್ಲ ಹಿರಿಯಳಾದ ಆಜಿ, "ಮಾಡು. ಆದ್ರ ಈ ಸರ್ತಿನೂ ಹಾಡು ಕಮ್ಮಿ ಬಿದ್ರ ಮುಂದ ಈ ಓಣ್ಯಾಗ ಹಾದಗಾದ ಹೆಸರ ತಗೀಬಾರದು, ನೋಡು" ಎಂದಳು. ಮಾವಶಿ ಒಪ್ಪಿದಳು. ನಗಲಿಲ್ಲ.

ಹಾಡು ಮುಗಿದ ಮೇಲೆ ದಿನಕ್ಕೊಬ್ಬರು ಮುಚ್ಚಿದ ಡಬ್ಬಿಯಲ್ಲಿ ತಿನಿಸು ತರಬೇಕು. ಅದಕ್ಕೆ ಖಿರಾಪತ ಎನ್ನುತ್ತಾರೆ. ಡಬ್ಬಿ ಅಲುಗಿಸಿ, ಸಪ್ಪಳ ಕೇಳಿ, ಒಳಗೇನಿದೆ ಎಂದು ಉಳಿದವರು ಹೇಳಬೇಕು. ನನ್ನ ಪಾಳಿ ಬಂದ ದಿನ ಬಲು ಜಂಬದಿಂದ ಹುರಿದ ಕಾಳಿನ ಹಿಟ್ಟಿಗೆ ಬೆಲ್ಲ ಕಲಸಿ ಅಳ್ಳಿಟ್ಟು ಮಾಡಿ, ಡಬ್ಬಿಯ ತುಂಬ ಒತ್ತಿ ತುಂಬಿ ಒಯ್ದೆ. ಒಬ್ಬೊಬ್ಬರೂ ಅಲುಗಿಸಿದರು. ಸಪ್ಪಳವೇ ಇಲ್ಲ. ಮಾವಶಿ ಕಿವಿಗೆ ಹಚ್ಚಿ ಕೇಳಿ, ತೂಗಿ ನೋಡಿ, "ಖಾಲಿ ಡಬ್ಬಿ ಅಂದ್ರ ಭಾರ ಐತಿ, ತುಂಬಿದ ಡಬ್ಬಿ ಅಂದ್ರ ಮಾತಾಡವಲ್ದು. ಥೇಟ್ ಈ ಪೋರಿ ಇದ್ದಂಗ ಐತಿ ನೋಡ್ರಿ" ಎಂದಳು. ಓಣಿ ಬಿದ್ದು ಬಿದ್ದು ನಕ್ಕಿತು. ನಾಚಿಕೆಯಾದರೂ ನಾನೂ ನಕ್ಕೆ. ಆ ಊರಿನಲ್ಲಿ ನಾನು ಎಲ್ಲರ ಎದುರು ನಕ್ಕದ್ದು ಅದೇ ಮೊದಲು.

ಅರ್ಧ ಹಾದಗಾ ಮುಗಿಯುವಷ್ಟರಲ್ಲಿ ಹಾಡುಗಳು ತೀರತೊಡಗಿದವು. ಒಬ್ಬಳಿಗೆ ಮೊದಲ ಸಾಲು ನೆನಪು, ಇನ್ನೊಬ್ಬಳಿಗೆ ಕಡೆಯದು. ನಡುವಿನದು ಬಲ್ಲವರನ್ನು ಜ್ವರ ಒಯ್ದಿತ್ತು. ಒಂದು ಸಂಜೆ ಮಾವಶಿ ನನ್ನ ರಟ್ಟೆ ಹಿಡಿದು, "ಬೀಸೂ ಮುಂದ ಗುಣುಗುಣು ಅಂತೀಯಲ್ಲ, ಅದನ್ನ ಹಾಡು" ಎಂದಳು.

"ಅವು ಕನ್ನಡ ಹಾಡು ಅದಾವ್ರೀ ಮಾವಶಿ!"

ಕುಳಿತಿದ್ದ ಆಜಿಯೂ ಹುಬ್ಬು ಗಂಟಿಕ್ಕಿದಳು, "ಹಾದಗಾದಾಗ ಕಾನಡಿ ಹಾಡ?"

"ಆನಿ ಬಂದದ್ದರೆ ಎಲ್ಲಿಂದ ಆಜಿ? ಇದ ಅಡವ್ಯಾಗಿಂದ. ಅಲ್ಲಿ ಯಾರು ಅದಕ್ಕ ಮರಾಠಿ ಕಲಿಸ್ಯಾರ?" ಎಂದು ಮಾವಶಿ ಕೇಳಿದಳು. ಆಜಿ ಕುಳಿತಲ್ಲೇ ಹಿಂದೆ ಸರಿದು ನಮಗೆ ತಿರುಗಲು ಜಾಗ ಬಿಟ್ಟಳು.

ಹಾಡಿದೆ. ಬೀಸುವ ಹಾಡಿನ ಲಯ ನಿಧಾನ, ಹಾದಗಾದ ಹೆಜ್ಜೆ ಚುರುಕು. ಮೊದಲ ಸುತ್ತಿನಲ್ಲೇ ಒಬ್ಬರ ಕಾಲ ಮೇಲೆ ಒಬ್ಬರು ಬಂದರು. ಆಗ ಮಾವಶಿ ಬೀಸುವ ಕಲ್ಲು ತಿರುಗಿಸುವಂತೆ ಮೈ ತೂಗಿ ನಿಧಾನವಾಗಿ ಹೆಜ್ಜೆ ಹಾಕಿದಳು. ಎಲ್ಲರೂ ಹಾಗೆಯೇ ಹಾಕಿದರು. ಮರುದಿನದಿಂದ ನನಗೆ ಅಳಲು ಪುರುಸೊತ್ತೇ ಸಿಗಲಿಲ್ಲ. ನೆನಪಿದ್ದ ಹಾಡನ್ನೆಲ್ಲ ಕೆದಕಿ ತೆಗೆಯುವುದೇ ಕೆಲಸವಾಯಿತು.

ಕಡೆಯ ದಿನ ಜಾಂಬೋಟಿ ಕಡೆಯ ಗುಡ್ಡದಿಂದ ಮೋಡ ಇಳಿದು ಜಿಟಿಜಿಟಿ ಮಳೆ ಹಿಡಿದಿತ್ತು. ಆನೆಯ ಮಣೆಯನ್ನು ಮಾವಶಿಯ ಪಡಸಾಲೆಗೆ ತಂದೆವು. ಮರಾಠಿ ಹಾಡು ಮುಗಿದವು, ನನ್ನವೂ ಮುಗಿದವು. ಆ ಗುಡ್ಡದ ಕಡೆಯಿಂದ ಬೆಣ್ಣೆ ಮಾರಲು ಬಂದ ಗೌಳಿ ಹೆಂಗಸೊಬ್ಬಳು ಮಳೆಗೆಂದು ಬಾಗಿಲಲ್ಲಿ ನಿಂತಿದ್ದಳು. ಮಾವಶಿ ಅವಳನ್ನೂ ಎಳೆದುಕೊಂಡಳು. ಆಕೆ ತನ್ನ ಎಮ್ಮೆಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆಯುವ ಹಾಡು ಹೇಳಿದಳು. ಪಾಪ, ಆನೆ ಎಮ್ಮೆಯ ಹಾಡನ್ನೂ ಕೇಳಿಸಿಕೊಂಡಿತು.

"ಇನ್ನ ಒಂದ ಉಳೀತು" ಎಂದಳು ಆಜಿ.

ಯಾರ ಬಳಿಯೂ ಇರಲಿಲ್ಲ. ನಾನು ತಲೆ ಕೆರೆದುಕೊಂಡೆ, ಏನೂ ಹೊಳೆಯಲಿಲ್ಲ. ಮಾವಶಿ ನನ್ನ ಕೈ ಹಿಡಿದು ಮಣೆಯ ಹತ್ತಿರ ಎಳೆದಳು.

"ಒಂದು ಐತಿ" ಎಂದಳು. "ಆದ್ರ ನಂದಲ್ಲ. ನನ್ನ ಪೋರೀದು."

ಮಗಳು ತಾನೇ ಕಟ್ಟಿದ್ದ ಹಾಡು, ಅವ್ವನನ್ನೇ ಅಣಕಿಸಿ. ನಮ್ಮವ್ವ ನೀರಿಗೆ ಹೊರಟಳು, ಕೊಡ ಮನೆಯಲ್ಲೇ ಬಿಟ್ಟಳು. ಹೊಳೆಯ ತನಕ ಹೋದಳು, ಹರಟೆ ಹೊಡೆದಳು. ತಿರುಗಿ ಬಂದಳು, ನೀರು ಯಾರು ಕದ್ದರೆಂದು ನನ್ನನ್ನೇ ಬೈದಳು... ಮರಾಠಿಯ ಹಾಡು. ಅಷ್ಟೊತ್ತಿಗೆ ನನಗೆ ಒಂದೊಂದು ಮಾತೂ ತಿಳಿಯುತ್ತಿತ್ತು. ಮೊದಲ ಸಾಲಿಗೇ ಎಲ್ಲರಿಗೂ ನಗು ಬಂತು, ಕೂಡಲೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡೆವು. ಎರಡನೆಯ ಸಾಲಿಗೆ ಮಾವಶಿಯ ದನಿ ಒಡೆಯಿತು. ಹೆಜ್ಜೆ ನಿಂತಿತು.

ಆಗ ಆಜಿ ಗೋಡೆ ಹಿಡಿದು ಎದ್ದು ಬಂದಳು. ಮಾವಶಿಯ ಇನ್ನೊಂದು ಕೈ ಹಿಡಿದು ಆ ಸಾಲನ್ನು ತಾನೇ ಎತ್ತಿಕೊಂಡಳು. ಆ ಹುಡುಗಿ ಹಾಡಿದ್ದನ್ನು ಕೇಳಿದವಳು ಅವಳು. ಉಳಿದವರು ದನಿಗೂಡಿಸಿದೆವು. ಕಡೆಯ ಸಾಲು ಮಾವಶಿಯೇ ಹೇಳಿದಳು, ಕಣ್ಣೀರು ಸುರಿಸುತ್ತಲೇ ನಗುತ್ತ. ಹಾದಗಾ ಪೂರಾ ಆಯಿತು.

ಮರುದಿನ ಮಲಪ್ರಭೆಗೆ ಹೋಗಿ, ಮಣೆ ತೊಳೆದು ಆನೆಯನ್ನು ನೀರಿಗೆ ಬಿಟ್ಟು ಬಂದೆವು. ಮುಂದಿನ ವರ್ಷ ಆ ಗೌಳಿ ಹೆಂಗಸು ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಕರೆತಂದಳು. ಹಿಂದಿನ ಓಣಿಯ ಕೊಂಕಣಿಯವರೂ ಸೇರಿದರು. ನಾನು ಆ ಊರಿನಲ್ಲಿ ಇದ್ದಷ್ಟು ವರ್ಷ ಹಾಡು ಮತ್ತೆಂದೂ ಕಡಿಮೆ ಬೀಳಲಿಲ್ಲ.

ಆಮೇಲೆ ಯಜಮಾನರ ಕೆಲಸದ ದೆಸೆಯಿಂದ ಬೆಳಗಾವಿಗೆ ಬಂದೆವು. ಮಾವಶಿ ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಡೆಗೊಮ್ಮೆ ಮುಖ ನೋಡಲಿಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ. ಈಗ ಆ ಓಣಿಯಲ್ಲಿ ಯಾರಿದ್ದಾರೋ, ಆನೆ ಬರೆಯುತ್ತಾರೋ ಇಲ್ಲವೋ...

ಮೊಮ್ಮಗಳಿಗೆ ಆ ಕೊಡದ ಹಾಡನ್ನು ಕಲಿಸಿದ್ದೇನೆ. ಮರಾಠಿ ಅವಳಿಗೆ ಅಷ್ಟಕ್ಕಷ್ಟೆ, ಅರ್ಧ ಕನ್ನಡ ಸೇರಿಸಿ ಹಾಡುತ್ತಾಳೆ. ಮೊನ್ನೆ ಹಾಡಿ ಹಾಡಿ ನಕ್ಕು, "ಅಜ್ಜೀ, ಇಷ್ಟು ಮರಗುಳಿ ಅವ್ವ ಖರೇನ ಇದ್ಲೇನ?" ಎಂದಳು.

"ಇದ್ಲು, ನಮ್ಮ ಬಾಜೂಮನ್ಯಾಗ" ಎಂದೆ. "ಆದ್ರ ಈ ಹಾಡು ಮಾತ್ರ ಅಕಿ ಮರೀಲಿಲ್ಲವ್ವಾ."