ಅತ್ತೆಯ ಹಣೆಯ ಕೆಂಪು

ನಾನು ಬರೆದ ಒಂದು ಚಿತ್ರದಿಂದಾಗಿ ಮಾವನ ಕಣ್ಣಿನ ಪೊರೆಯ ಆಪರೇಷನ್ ಮುಂದಕ್ಕೆ ಹೋಯಿತು. ವೈದ್ಯಕೀಯ ಕಾರಣ ಯಾವುದೂ ಇರಲಿಲ್ಲ.

ಸುದ್ದಿಮನೆಯಿಂದ ನಿವೃತ್ತನಾದ ಮೇಲೆ ತೈಲವರ್ಣ ಕಲಿಯಲು ಹೊರಟೆ. ಮೊದಲ ಬಲಿ ಅತ್ತೆ. ಧಾರವಾಡದಿಂದ ಮದುವೆಯಾಗಿ ಆಂಟಾಪ್ ಹಿಲ್‌ಗೆ ಬಂದವರು. ಕುಂಕುಮವಿಲ್ಲದೆ ಹಾಲಿನವನಿಗೂ ಬಾಗಿಲು ತೆರೆದವರಲ್ಲ. ಅವರ ಭಾವಚಿತ್ರ ಬರೆದು, ಅವರದೇ ಹಾಲ್‌ನಲ್ಲಿ, ಪಶ್ಚಿಮದ ಕಿಟಕಿಗೆ ಎದುರಾಗಿ ತೂಗುಹಾಕಿದೆ.

ಎರಡು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಮಾವ ವಡಾಲಾದಲ್ಲಿ ಪನ್ವೇಲ್ ಲೋಕಲ್ ಎಂದುಕೊಂಡು ಗೋರೆಗಾಂವ್ ಲೋಕಲ್ ಹತ್ತಿ, ಅಂಧೇರಿಯಲ್ಲಿ ಇಳಿದು ಮನೆಗೆ ಫೋನ್ ಮಾಡಿದರು. ಪೊರೆ ಪೂರಾ ಬಲಿತಿದೆ, ಇನ್ನು ತಡ ಮಾಡಬೇಡಿ ಎಂದರು ಡಾಕ್ಟರು. ಗುರುವಾರಕ್ಕೆ ಆಪರೇಷನ್ ಗೊತ್ತಾಯಿತು.

ಸೋಮವಾರ ಅತ್ತೆಯ ಫೋನು. "ಅಳಿಯಂದ್ರ, ಲಗೂನ ಬರ್ರಿ. ನನ್ನ ಹಣಿ ಖಾಲಿ ಆಗ್ಯದ."

ಹೋಗಿ ನೋಡಿದೆ. ಸುದ್ದಿ ನಿಜ. ಚಿತ್ರದಲ್ಲಿನ ಕುಂಕುಮ ಒಗೆದ ಅಂಗಿಯ ಮೇಲಿನ ಚಹಾ ಕಲೆಯಷ್ಟು ಉಳಿದಿತ್ತು.

"ಇವ್ರು ಆಪರೇಷನ್‌ಗೆ ಹೊಂಟಾರ, ಇಲ್ಲಿ ನೋಡಿದ್ರ ಹೀಂಗ. ಇದು ತಿರಗಿ ಕೆಂಪಾಗೂತನಾ ಆಸ್ಪತ್ರಿ ಮೆಟ್ಟಲಾ ಹತ್ತಗೊಡೂದಿಲ್ಲ."

ಮಾವ ಸೋಫಾದಿಂದಲೇ ಕೇಳಿದರು: "ಬಣ್ಣ ಹೋತಂದ್ರ ನಾನೂ ಹೋದಂಗ ಏನು? ಹೋಗೂದಿದ್ರ ಆ ಗೋರೆಗಾಂವ್ ಗಾಡ್ಯಾಗ ಹೋಗ್ತಿದ್ದೆ. ಅಷ್ಟು ಗದ್ದಲಿತ್ತು."

"ಬಿಡ್ತು ಅನ್ರಿ!"

ವಾದಿಸುವ ಹಕ್ಕು ನನಗಿರಲಿಲ್ಲ. ಆ ಕೆಂಪನ್ನು ಹೆಸರು ನೋಡಿ ಕೊಂಡಿದ್ದೆ: ಅಲಿಜರಿನ್ ಕ್ರಿಮ್ಸನ್. ಶೀರ್ಷಿಕೆ ನಂಬಬೇಡಿ, ಒಳಗೆ ಓದಿ ಎಂದು ಹೊಸಬರನ್ನು ಗದರುತ್ತಲೇ ಡೆಸ್ಕಿನಲ್ಲಿ ಮುದುಕನಾದವನು ನಾನು. ಟ್ಯೂಬಿನ ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ವರ್ಣದ್ರವ್ಯದ ಸಂಖ್ಯೆಯೂ ಅದು ಬೆಳಕಿಗೆ ಬಾಳುವುದಿಲ್ಲವೆಂಬ ಎಚ್ಚರಿಕೆಯೂ ಇತ್ತು. ಸಾಲದ್ದಕ್ಕೆ ಹೊಳಪು ಬರಲೆಂದು ಅಗಸೆ ಎಣ್ಣೆ ಸೇರಿಸಿ ತೆಳ್ಳಗೆ ಸವರಿದ್ದೆ. ಮುಖಕ್ಕೆ ಬಳಸಿದ್ದ ಓಕರ್, ಸಿಯೆನ್ನಾ ಮಾತ್ರ ಒಂದಿಷ್ಟೂ ಕದಲಿರಲಿಲ್ಲ. ಅವು ಮಣ್ಣಿನ ಬಣ್ಣಗಳು. ಬಿಸಿಲು ಅವಕ್ಕೆ ಹೊಸದಲ್ಲ.

ಅಂದೇ ಫೋರ್ಟ್ ಪೇಟೆಗೆ ಹೋಗಿ, ಬಣ್ಣದ ಅಂಗಡಿಯಲ್ಲಿ ನಿಂತು ಟ್ಯೂಬುಗಳ ಬೆನ್ನು ಓದಿದೆ. ಕ್ಯಾಡ್ಮಿಯಂ ಕೆಂಪು ಬಿಸಿಲಿಗೆ ಜಗ್ಗುವುದಿಲ್ಲ. ಪಕ್ಕದಲ್ಲೇ ಅದೇ ಹೆಸರಿಗೆ 'ಹ್ಯೂ' ಎಂದು ಬಾಲ ಸೇರಿಸಿದ ಅಗ್ಗದ ಟ್ಯೂಬಿತ್ತು. ಹಾಗೆಂದರೆ ಒಳಗೆ ಕ್ಯಾಡ್ಮಿಯಂ ಇಲ್ಲ, ಅದರ ವೇಷ ಮಾತ್ರ ಇದೆ. ಅಸಲಿಯನ್ನೇ ತೆಗೆದುಕೊಂಡೆ. ಎಷ್ಟು ದೊಡ್ಡ ಚಿತ್ರ ಎಂದು ಅಂಗಡಿಯವರು ಕೇಳಿದರು. ಕಿರುಬೆರಳಿನ ಉಗುರು ತೋರಿಸಿದೆ.

ಸಂಜೆ ಅತ್ತೆ ಕನ್ನಡಿ ಹಿಡಿದು ಕೂತರು. ಬಣ್ಣವನ್ನು ರಟ್ಟಿನ ಚೂರಿಗೆ ಹಚ್ಚಿ ಅವರ ಹಣೆಯ ಪಕ್ಕ ಹಿಡಿದೆ.

"ಇದು ಟೊಮೆಟೊ ಸಾರು."

ಕಂದು ಅಂಬರ್ ಬೆರೆಸಿದೆ.

"ಇದು ಜಂಗ ಹಿಡದ ತಗಡು."

ಅಂಬರ್ ಅರ್ಧಕ್ಕಿಳಿಸಿದೆ. ಅತ್ತೆ ರಟ್ಟು ನೋಡಿದರು, ಕನ್ನಡಿ ನೋಡಿದರು, ಮತ್ತೆ ರಟ್ಟು ನೋಡಿದರು. "ಹ್ಞಾಂ."

ನಾನು ಕುಂಚ ಎತ್ತುವಷ್ಟರಲ್ಲಿ ಉಂಗುರ ಬೆರಳನ್ನೇ ಅದ್ದಿ ಚಿತ್ರದ ಹಣೆಗೆ ಒತ್ತಿಬಿಟ್ಟರು. ವಿಷದ ಬಣ್ಣವದು, ಬೇಗ ಕೈ ತೊಳೆಯಿರಿ ಎಂದೆ.

"ತೊಳಕೋತೀನಿ. ಒಣಗಾಕ ಎಷ್ಟು ದಿನ?"

"ದಪ್ಪಗ ಹಚ್ಚೀರಿ. ಎಂಟ್ಹತ್ತು ದಿನ."

"ಹಂಗಾರ ಆಪರೇಷನ್ ಒಣಗಿದ ಮ್ಯಾಲೆ."

ಡಾಕ್ಟರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಪೇಂಟಿಂಗ್ ನಡೆದಿದೆ ಎಂದೆ. ವರದಿ ಸುಳ್ಳಲ್ಲ, ಅಪೂರ್ಣ.

ಅತ್ತೆ ದಿನಾ ಬೆಳಿಗ್ಗೆ ಚಿತ್ರದ ಕುಂಕುಮದ ಅಂಚಿಗೆ ಹತ್ತಿ ತಾಗಿಸಿ ನೋಡುತ್ತಿದ್ದರು. ಹತ್ತನೆಯ ದಿನ ಹತ್ತಿ ಬಿಳಿಯಾಗಿಯೇ ಬಂತು. "ನಡೀರಿ," ಎಂದು ಮಾವನ ಚಪ್ಪಲಿ ತಂದಿಟ್ಟರು.

ಆಪರೇಷನ್ ಸಸೂತ್ರವಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಮಾವ ನನ್ನ ಚಿತ್ರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅತ್ತೆಯನ್ನೇ ದಿಟ್ಟಿಸಿದರು.

"ಈ ನೀಲಿ ಸೀರಿ ಯಾವಾಗ ತಗೊಂಡಿ?"

"ಹ್ವಾದ ದೀಪಾವಳಿಗೆ ನೀವ ತಂದದ್ದು. ಹಸರು ತರ್ರಿ ಅಂದಿದ್ದೆ. ಇದನ್ನ ತಂದು, ಹಸರ ಅದ ಅಂತ ಜಗಳಾಡಿದ್ರಿ."

"ಮತ್ತ ಉಟ್ಟಿ ಯಾಕ?"

"ಏನ್ ಮಾಡ್ಲಿ? ಅಂಗಡಿಯಾಂವ ವಾಪಸ್ ತಗೊಳ್ಳಿಲ್ಲ."