ಶನಿವಾರದ ಕಣ್ಣು, ಸೋಮವಾರದ ಡಾಕ್ಟರು

ತರಗುಪೇಟೆಯಲ್ಲಿ ನಲವತ್ತು ವರ್ಷ ಬೇಳೆ ಮಾರಿದ ಗಂಗಾಧರಯ್ಯನವರು ಒಂದು ಹಿಡಿ ತೊಗರಿಬೇಳೆ ಅಂಗೈಗೆ ಸುರಿದುಕೊಂಡರೆ ಸಾಕು, ಅದರ ಊರು, ವಯಸ್ಸು, ಒಳಗೆ ಸಂಸಾರ ಹೂಡಿರುವ ಹುಳ ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಸಕ್ಕರೆ ಕಾಯಿಲೆ ಅವರ ಎಡಗಣ್ಣನ್ನು ಆಗಲೇ ನುಂಗಿತ್ತು. ಬಲಗಣ್ಣು ಉಳಿಯಲೆಂದು ತಿಂಗಳಿಗೊಮ್ಮೆ ಕಣ್ಣಿನೊಳಕ್ಕೇ ಇಂಜೆಕ್ಷನ್. ಏಳನೆಯದು ಗುರುವಾರ ಆಯಿತು.

ಶನಿವಾರ ಬೆಳಿಗ್ಗೆ ಚಾಮರಾಜಪೇಟೆಯ ಮನೆಯಲ್ಲಿ ಪೂಜೆಗೆ ಕೂತು, ಅಂಗೈಯ ಇಷ್ಟಲಿಂಗವನ್ನು ದಿಟ್ಟಿಸಿದರು. ಲಿಂಗ ಕಾಣಲಿಲ್ಲ, ಹೊಗೆ ಕಂಡಿತು. ಕಣ್ಣೊಳಗೆ ಒನಕೆಯಲ್ಲಿ ಕುಟ್ಟಿದಂಥ ನೋವು.

ಹೆಂಡತಿ ಮಹಾನಂದ ಆಸ್ಪತ್ರೆಗೆ ಫೋನ್ ಮಾಡಿದರು.

"ಇಂಜೆಕ್ಷನ್ ಆದ್ಮೇಲೆ ಕೆಂಪಾಗೋದು ಕಾಮನ್ ಮೇಡಂ," ಅಂದಳು ಆ ಕಡೆಯ ಹುಡುಗಿ. "ಡ್ರಾಪ್ಸ್ ಹಾಕಿ, ಸೋಮವಾರ ಬಂದ್ಬಿಡಿ."

ಗಂಗಾಧರಯ್ಯ ಫೋನ್ ಕಸಿದುಕೊಂಡರು. "ಕಾಮನ್ನೋ ಯಮನೋ, ಡಾಕ್ಟರು ನೋಡಿ ಹೇಳ್ಲಿ ತಾಯಿ! ನೋವಿದೆ, ಮಂಜಾಗಿದೆ."

"ಫಸ್ಟ್ ಟೋಕನ್ ನಿಮ್ದೇ ಸಾರ್."

ಓದಿದವರ ಮಾತು ಎಂದು ನಂಬಿ ಒಂದಿಡೀ ದಿನ ಡ್ರಾಪ್ಸ್ ಹಾಕಿಕೊಂಡರು. ಭಾನುವಾರ ಎದ್ದಾಗ ಹೆಂಡತಿ ಯಾರು, ಬಾಗಿಲು ಯಾವುದು ಗೊತ್ತಾಗಲಿಲ್ಲ. ಟೋಕನ್ನಿನ ಮನೆ ಹಾಳಾಗಲಿ ಎಂದು ಮಹಾನಂದ ಆಟೋ ಹತ್ತಿಸಿದರು.

ಅಂದು ಡ್ಯೂಟಿಯಲ್ಲಿದ್ದ ಡಾಕ್ಟರ್ ಸುಪ್ರಜಾ ಕಣ್ಣಿಗೆ ಬೆಳಕು ಬಿಟ್ಟು ನೋಡಿದವರೇ ಗಾಬರಿಯಾದರು. ಒಳಗೆಲ್ಲ ಸೋಂಕು, ಕೀವು ಕಟ್ಟಿತ್ತು. ಗಂಟೆಯೊಳಗೆ ಸೂಜಿಯಿಂದ ಕಣ್ಣೊಳಗಿನ ನೀರು ತೆಗೆದು ಲ್ಯಾಬಿಗೆ ಕಳಿಸಿ, ಸೋಂಕಿನ ಔಷಧಿಯನ್ನು ನೇರ ಕಣ್ಣೊಳಕ್ಕೆ ಚುಚ್ಚಿದರು. ಪಕ್ಕದಲ್ಲಿದ್ದ ಆಸ್ಪತ್ರೆಯ ಮ್ಯಾನೇಜರ್ ಶ್ರೀಧರ್ ಮೆಲ್ಲಗೆ ಕೇಳಿದ, "ಕಣ್ಣಿಗೆ ವಿಭೂತಿ ಏನಾದ್ರೂ ಬಿತ್ತಾ ಯಜಮಾನ್ರೆ?"

"ಕಣ್ಣಿಗೆ ಬೀಳಬಾರ್ದು ಅಂತ, ಹುಟ್ಟಿದಾಗಿಂದ ಹಚ್ಚೋ ವಿಭೂತೀನ ಈ ಸಲಾನೂ ಮೂರು ದಿನದಿಂದ ಬಿಟ್ಟಿದೀನಪ್ಪ! ನೋಡು ಹಣೆ, ಬೋಳು ಹಣೆ!"

ವಾರದ ಕೊನೆಗೆ, ಗೋಡೆಯ ಅಕ್ಷರದ ಬೋರ್ಡಿನಲ್ಲಿ ಮೇಲಿನ ಎರಡು ಸಾಲು ವಾಪಸು ಬಂದವು. ಉಳಿದವು ಬರುವ ಭರವಸೆ ಕಮ್ಮಿ ಅಂದರು ಸುಪ್ರಜಾ. ಮನೆಗೆ ಕಳಿಸುವ ಮುಂಚೆ ಸಹಿಗೆಂದು ಕೊಟ್ಟ ಡಿಸ್ಚಾರ್ಜ್ ಕಾಗದವನ್ನು ಮಹಾನಂದ ಓದಿದರು: "ರೋಗಿ ತಡವಾಗಿ ಬಂದಿದ್ದಾರೆ."

ಗಂಗಾಧರಯ್ಯ ಪೆನ್ನು ಕೆಳಗಿಟ್ಟರು. "ಸಹಿ ಹಾಕಲ್ಲ. ಹೊಡೆದು ಹಾಕಿ ಅದನ್ನ."

"ಸುಮ್ನೆ ಫಾರ್ಮಾಲಿಟಿ ಸಾರ್," ಅಂದ ಶ್ರೀಧರ್.

"ಕಣ್ಣು ಹೋಗಿದ್ದು ನಂದು, ತಪ್ಪೂ ನಂದೇನಾ?"

ಸುಪ್ರಜಾ ಶನಿವಾರದ ಕರೆಗಳ ಪಟ್ಟಿ ತರಿಸಿ ನೋಡಿದರು. ಶ್ರೀಧರನ ಕೆಮ್ಮಿಗೆ ಕಿವಿಗೊಡದೆ ಆ ಸಾಲು ಹೊಡೆದು ಬರೆದರು: "ಶನಿವಾರ ಏಳೂವರೆಗೇ ಫೋನ್ ಮಾಡಿ ನೋವು, ಮಂಜು ಎರಡನ್ನೂ ಹೇಳಿದ್ದಾರೆ. ಸೋಮವಾರ ಬರಲು ನಾವೇ ಹೇಳಿದ್ದೇವೆ." ಕೆಳಗೆ ತಮ್ಮ ಸಹಿ ಹಾಕಿದರು.

ಹೊರಗಿನ ಹಾಲಿನಲ್ಲಿ ಅದೇ ಇಂಜೆಕ್ಷನ್ನಿಗೆ ಇಪ್ಪತ್ತು ಮಂದಿ ಕಾದಿದ್ದರು. ಗಂಗಾಧರಯ್ಯ ಅವರ ನಡುವೆ ನಿಂತು, "ಇಲ್ಲೇ ಓದು ಮಹಾನಂದ, ಗಟ್ಟಿಯಾಗಿ," ಅಂದರು.