ಮುಹೂರ್ತ ತಪ್ಪಿಸಿಕೊಂಡ ಅಕ್ಕ

ಅದು 1994ರ ಮಾಘ ಮಾಸ, ಮದುವೆಗಳ ಕಾಲ. ಗುಂಡ್ಲುಪೇಟೆ–ಚಾಮರಾಜನಗರ ರಸ್ತೆಯ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಹತ್ತು ತಿಂಗಳ ಮಗನಿಗೆ ಮೊದಲು ಜ್ವರ, ವಾಂತಿ, ಆಮೇಲೆ ನೀರಿನಂತೆ ಭೇದಿ ಶುರುವಾಯಿತು.

“ಹಲ್ಲು ಬರೋವಾಗ ಹಂಗೇಯ ಕಣಮ್ಮಿ. ನೀರು ಗೀರು ಕೊಟ್ಬುಟ್ಟೀಯ, ಇನ್ನೂ ಜಾಸ್ತಿ ಆಯ್ತದೆ” ಎಂದರು ಅತ್ತೆ. ಅವರೊಬ್ಬರನ್ನೇ ಯಾಕೆ ದೂರಲಿ? ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನಾನೂ ಅದನ್ನೇ ನಂಬಿದ್ದೆ. ಬಾಯಿ ಚಪ್ಪರಿಸುತ್ತಿದ್ದ ಕೂಸಿಗೆ ಇಡೀ ದಿನ ಹಾಲೂ ಕೊಡಲಿಲ್ಲ, ನೀರೂ ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ಮಗು ಅಳುವುದನ್ನೂ ನಿಲ್ಲಿಸಿತು. ಗಂಡ ಊರಲ್ಲಿರಲಿಲ್ಲ. ಒಬ್ಬಳೇ ಎತ್ತಿಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ.

ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟಿದ್ದ ಹೆಂಗಸೊಬ್ಬರು ಕೂತಿದ್ದರು. ಮಗುವನ್ನೇ ನೋಡಿ, “ಉಚ್ಚೆ ಉಯ್ದು ಎಷ್ಟೊತ್ತಾಯ್ತವ್ವ?” ಎಂದರು. ನೆನ್ನೆ ಸಂಜೆ ಎಂದೆ. ಹೊಟ್ಟೆಯ ಚರ್ಮ ಮೆಲ್ಲಗೆ ಹಿಡಿದು ಬಿಟ್ಟರು. ಮಡಿಕೆ ಹಾಗೇ ನಿಂತಿತು.

“ಮೈಲಿ ನೀರೇ ಇಲ್ವಲ್ಲವ್ವ. ನೀರು ಕೊಟ್ಟಿದ್ದೀಯಾ?”

“ಅಯ್ಯೋ, ಕೊಟ್ರೆ ಹೆಚ್ಚಾಗಲ್ವಾ?” ಎಂದೆ. ಕೇಳೋಕೆ ಇವರ್ಯಾರು ಎಂದು ನನಗೆ ಸಿಟ್ಟೇ ಬಂದಿತ್ತು.

ಅವರು ಎದ್ದು ನಿಂತು, “ಕಂಡಕ್ಟ್ರೇ, ಟೀ ಅಂಗ್ಡಿ ತಾವ ನಿಲ್ಸಿ, ಕೂಸಿನ ಜೀವದ ಪ್ರಶ್ನೆ!” ಎಂದು ಕೂಗಿದರು. ಕಾಯಿಸಿ ಆರಿಸಿದ ನೀರು, ಸಕ್ಕರೆ, ಚಿಟಿಕೆ ಉಪ್ಪು ತರಿಸಿ ಕದಡಿ, “ಕಣ್ಣೀರಿಗಿಂತ ಉಪ್ಪಾಗ್ಬಾರ್ದು” ಎಂದು ತಾವೇ ರುಚಿ ನೋಡಿದರು. ಮಗುವನ್ನು ತಮ್ಮ ಮಡಿಲಿಗೆ ಹಾಕಿಕೊಂಡು ಚಮಚದಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿದರು. ಅದು ರೇಷ್ಮೆ ಸೀರೆಯ ಮೇಲೇ ಕಕ್ಕಿತು. ನಾನು ನಾಚಿಕೆಯಿಂದ ಒರೆಸಲು ಹೋದೆ.

“ಸೀರೆ ಒಗುದ್ರೆ ಹೋಯ್ತದೆ ಬುಡು. ಸ್ವಲ್ಪ ಹೊತ್ತು ತಡ್ದು ಮತ್ತೆ ಕೊಡನ” ಎಂದರು. ದಾರಿಯುದ್ದಕ್ಕೂ ಚಮಚ ಕೆಳಗಿಡಲಿಲ್ಲ. ಮದುವೆಗೆ ಹೋಗದೆ ನನ್ನ ಜೊತೆ ಆಸ್ಪತ್ರೆಗೇ ಬಂದರು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಡಾಕ್ಟರು, “ದಾರೀಲಿ ಅಷ್ಟು ನೀರೂ ಹೋಗದೇ ಇದ್ದಿದ್ರೆ ಕಷ್ಟ ಇತ್ತಮ್ಮ” ಎಂದರು. ಮಧ್ಯಾಹ್ನ ಮಗ ಉಚ್ಚೆ ಹೊಯ್ದಾಗ ನಾವಿಬ್ಬರೂ ಹಬ್ಬ ಬಂದಂತೆ ನಕ್ಕೆವು.

“ನನ್ನಿಂದ ನಿಮಗೆ ಮುಹೂರ್ತ ತಪ್ಪಿಹೋಯ್ತಲ್ಲಕ್ಕ. ನೀವು ನರ್ಸಾ?” ಎಂದು ಕೇಳಿದೆ.

“ಇಲ್ಲ ಕಣವ್ವ. ನನ್ ಮಗೀಗೂ ಹಿಂಗೇ ಆಗಿತ್ತು. ನಾನೂ ನೀರು ಕೊಟ್ಟಿರ್ನಿಲ್ಲ.”

ಅಷ್ಟು ಹೇಳಿ, ನನ್ನ ಮಗನ ತಲೆ ಸವರಿ ಹೊರಟುಬಿಟ್ಟರು. ಹೆಸರು ಕೇಳುವುದನ್ನೂ ನಾನು ಮರೆತಿದ್ದೆ.

ಮೊನ್ನೆ ಮೊಮ್ಮಗಳಿಗೆ ಭೇದಿ ತಡೆಯುವ ರೋಟಾ ಲಸಿಕೆಯ ಹನಿ ಹಾಕಿಸುವಾಗ, ಅಂದಿನ ಜ್ವರ-ಭೇದಿಯ ವಿಷಯ ಕೇಳಿದ ನರ್ಸ್, ನನ್ನ ಮಗನಿಗೆ ಬಂದದ್ದೂ ಅದೇ ಕಾಯಿಲೆ ಇದ್ದಿರಬಹುದು ಎಂದರು. ಆ ಅಕ್ಕ ನೆನಪಾದರು. ಕೂಸು ಕಳೆದುಕೊಂಡವರು ಬೇರೆಯವರ ಕೂಸನ್ನು ನೋಡಿ ಮುಖ ತಿರುಗಿಸಿದ್ದರೂ ತಪ್ಪಿರಲಿಲ್ಲ. ಅವರು ನನ್ನದನ್ನು ಮಡಿಲಿಗೆ ತೆಗೆದುಕೊಂಡರು.